ಹೆಬ್ಬೆಟ್ಟಿನ ಚೌಕ

ಸರಕಾರದ ಪಿಂಚಣಿ ಅರ್ಜಿಗಳನ್ನು ಟೆಂಡರಿನಲ್ಲಿ ಹಿಡಿದು ಮುದ್ರಿಸುವ ಖಡಕಿ ಊರಿನ ಮಲಕಪ್ಪನವರು, ಕಚೇರಿ ಕೊಟ್ಟ ನಮೂನೆಯನ್ನು ದೇವರ ಪಟದಂತೆ ಎರಡೂ ಕೈಯಲ್ಲಿ ಇಸಿದುಕೊಳ್ಳುತ್ತಾರೆ. ಕಾಗದವನ್ನು ಬೆಳಕಿಗೆ ಹಿಡಿಯುತ್ತಾರೆ, ಕಿವಿಯ ಬಳಿ ಅಲುಗಿಸಿ ಅದರ ದಪ್ಪ ಎಷ್ಟೆಂದು ಹೇಳುತ್ತಾರೆ. “ನಮೂನಿ ತಿದ್ದಾಕ ನಾವ್ಯಾರ್ರೀ?” ಎನ್ನುವುದು ಅವರ ದಿನದ ಮಾತು. ಒಮ್ಮೆ ನಮೂನೆಯ ಮೇಲೆ ಸಾಹೇಬರು ಚೆಲ್ಲಿದ್ದ ಚಹಾದ ಕಲೆಯನ್ನೂ ಐವತ್ತು ಸಾವಿರ ಪ್ರತಿಗಳಲ್ಲಿ ಅಚ್ಚು ಹಾಕಿದರು. ಕಚೇರಿ ಒಂದೊಂದನ್ನೂ ಹೋಲಿಸಿ ನೋಡಿ, ಸರಿಯಾಗಿದೆಯೆಂದು ಮೊಹರು ಒತ್ತಿತು. ಅಂಥವರು ಈ ವರ್ಷ ಹೆಬ್ಬೆಟ್ಟು ಒತ್ತುವ ಚೌಕವನ್ನು ಅರ್ಧ ಬೆರಳು ಹಿಗ್ಗಿಸಿಬಿಟ್ಟರು. ತಪಾಸಣೆಗೆ ಬಂದ ಗುಮಾಸ್ತ ಸಿದ್ದಾರೂಢ ಅಳತೆಪಟ್ಟಿ ಇಟ್ಟು ನೋಡಿ ಗಾಬರಿಯಾದ. “ಏನ್ರಿ ಕಾಕಾ ಇದು? ಚೌಕ ಭಾಳ ದೊಡ್ಡದಾಗೇದ. ಎಲ್ಲಾ ತಿರುಗಿ ಹಾಕ್ರಿ, ಇಲ್ಲಂದ್ರ ಇನ್ನ ಮುಂದ ನಿಮಗ ಟೆಂಡರ್ ಸಿಗಂಗಿಲ್ಲ.” ಮಲಕಪ್ಪನವರು ಯಂತ್ರ ನಿಲ್ಲಿಸಿದರು, ಕೈ ಒರೆಸಿಕೊಂಡರು. “ನಮ್ಮವ್ವ ಇದೇ ಊರಾಗ ಭಟ್ಟ್ಯಾಗ ಇಟ್ಟಂಗಿ ಹೊತ್ತಾಕಿ. ಆಕಿ ಹೆಬ್ಬಟ್ಟು ದಪ್ಪ ಇತ್ತಪ್ಪ. ಗೆರಿ ದಾಟೇದ ಅಂತ ನಿಮ್ಮ ಕಚೇರ್ಯಾಗ ಆಕಿ ಅರ್ಜಿ ಮೂರು ಸಲ ತಿರುಗಿಸಿ ಕಳಿಸಿದ್ರು. ಸಾಯೂತನಕ ಪಿಂಚಣಿ ಸಿಗಲಿಲ್ಲ. ಆ ಅರ್ಜಿ ಅಚ್ಚು ಹಾಕಿದಾಂವ ನಾನೇ, ತಮ್ಮಾ.”