ಕಲ್ಲಿನ ಅಕ್ಷರಕ್ಕೆ ಬಿಳಿ ಬಣ್ಣ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಗೋಡೆಗೆ ಒರಗಿಕೊಂಡು ರಾಜರಾಣಿಯರು ಒಣಗುತ್ತಿದ್ದರು. ಅಪ್ಪ ದಾವಣಗೆರೆಯ ಟಾಕೀಸುಗಳಿಗೆ ಸಿನಿಮಾ ಬೋರ್ಡು ಬರೆಯುತ್ತಿದ್ದರು. ವಿನೋಬನಗರದ ಆ ಪುಟ್ಟ ಮನೆಯ ತುಂಬ ಎಣ್ಣೆಬಣ್ಣದ ವಾಸನೆ. ಆ ವಾಸನೆಗೆ ನನಗೆ ಹಸಿವಾಗುತ್ತಿತ್ತು ಎಂದರೆ, ಮೊಮ್ಮಕ್ಕಳೇ, ನೀವು ನಗುತ್ತೀರಿ. ಬಣ್ಣ ಹಚ್ಚುತ್ತಲೇ ಅಪ್ಪ ಸಿನಿಮಾದ ಕಥೆ ಹೇಳುತ್ತಿದ್ದರು. ಅರ್ಧ ನೋಡಿದ್ದು, ಅರ್ಧ ಅವರೇ ಕಟ್ಟಿದ್ದು. ನನಗೂ ಒಂದು ಕೆಲಸವಿತ್ತು. ಅಪ್ಪ ಅಕ್ಷರಗಳ ಅಂಚಿಗೆ ಗೆರೆ ಎಳೆದುಕೊಟ್ಟರೆ ಒಳಗೆ ಬಣ್ಣ ತುಂಬುವವಳು ನಾನು. ಗೆರೆ ದಾಟದೆ ತುಂಬುತ್ತೇನೆಂದು ನನಗೆ ಜಂಬವೋ ಜಂಬ.

ಒಂದು ದಿನ ಹರಿಹರದ ಟೆಂಟ್ ಸಿನಿಮಾಕ್ಕೆ ಬೋರ್ಡು ಬರೆಯಲು ಅಪ್ಪ ನನ್ನನ್ನೂ ಕರೆದೊಯ್ದರು. ಕೆಲಸ ಮುಗಿಸಿ ಹರಿಹರೇಶ್ವರನ ಗುಡಿಗೆ ಹೋದೆವು. ಹೊರಗೆ ಸುಡುಬಿಸಿಲು. ಒಳಗೆ ನುಣುಪಾದ ಕಂಬಗಳು ಆಗಷ್ಟೇ ಹೊಳೆಯಲ್ಲಿ ಮಿಂದು ಬಂದಂತೆ ತಣ್ಣಗಿದ್ದವು. ಅಪ್ಪ ಒಂದು ಕಂಬಕ್ಕೊರಗಿ ಕಣ್ಣು ಮುಚ್ಚಿದರು. ನಾನು ಬಣ್ಣದ ಚೀಲ ಹಿಡಿದು ಅಂಗಳ ಸುತ್ತಿದೆ.

ಅಲ್ಲಿ ನನಗಿಂತ ಎತ್ತರದ ಕಲ್ಲೊಂದು ನಿಂತಿತ್ತು. ಮೈತುಂಬ ಗುಂಡುಗುಂಡನೆಯ ಅಕ್ಷರ. ಆದರೆ ಒಂದಕ್ಕೂ ಬಣ್ಣವಿಲ್ಲ! ಪಾಪ, ಯಾರೋ ಗೆರೆ ಕೊರೆದಿಟ್ಟು ಹೋಗಿದ್ದಾರೆ, ತುಂಬುವವರು ಬಂದೇ ಇಲ್ಲ ಅಂದುಕೊಂಡೆ. ಡಬ್ಬಿಯ ತಳದಲ್ಲಿ ಬಿಳಿ ಬಣ್ಣ ಉಳಿದಿತ್ತು. ಕೂತು, ನಾಲಿಗೆ ಕಚ್ಚಿಕೊಂಡು, ಒಂದು ಸಾಲು ತುಂಬಿಯೇಬಿಟ್ಟೆ.

"ಅಯ್ಯೋ, ಏನ್ ಮಾಡಿಬಿಟ್ಟೆವ್ವಾ!" ಅರ್ಚಕರ ಕೂಗಿಗೆ ಅಪ್ಪ ಓಡಿಬಂದರು. "ನೂರಾರು ವರ್ಷದ ಶಾಸನ ಐತ್ರಿ ಇದು. ಬಣ್ಣ ಒಣಗಿದ್ರೆ ಅಕ್ಷರ ಮುಚ್ಚೇ ಹೋಗ್ತಾವೆ!"

ಅಪ್ಪ ಬೈಯಲಿಲ್ಲ. ನನ್ನ ಕೈಯಿಂದ ಕುಂಚ ಕಿತ್ತು ಚೀಲಕ್ಕೆ ಹಾಕಿದರು. ಇನ್ನೆಂದೂ ಅದು ನನ್ನ ಕೈಗೆ ಬರುವುದಿಲ್ಲ ಅನ್ನಿಸಿ ಅಳು ಉಕ್ಕಿತು.

"ಆಮ್ಯಾಲೆ ಅಳುವಂತೆ. ಬಿಸ್ಲು ಐತೆ, ಒಣಗೋದ್ರೊಳಗೆ ತೆಗೀಬೇಕು" ಎಂದರು ಅಪ್ಪ.

ಅರ್ಚಕರು ದೀಪದ ಬತ್ತಿಗೆಂದು ಇಟ್ಟಿದ್ದ ಹತ್ತಿ ತಂದುಕೊಟ್ಟರು. ಅದನ್ನು ಚೀಲದಲ್ಲಿದ್ದ, ಬಣ್ಣ ಕರಗಿಸುವ ಟರ್ಪೆಂಟೈನಿನಲ್ಲಿ ಅದ್ದಿ, ಒಂದೊಂದೇ ಅಕ್ಷರದೊಳಗೆ ಬೆರಳು ಆಡಿಸಿದೆವು. ಎಷ್ಟು ಹೊತ್ತೋ ಗೊತ್ತಿಲ್ಲ. ಉಳಿಯ ದಾರಿಯಲ್ಲೇ ನನ್ನ ಬೆರಳು ಏರಿತು, ಬಾಗಿತು, ಸುತ್ತಿ ಬಂತು. ಅಳು ಯಾವಾಗ ನಿಂತಿತೋ ತಿಳಿಯಲೇ ಇಲ್ಲ. ಕಲ್ಲು ಕೆತ್ತಿದವನು ನನ್ನ ಪಕ್ಕದಲ್ಲೇ ಕೂತಂತಾಯಿತು. ಅವನ ತಲೆಗೂದಲಲ್ಲಿ ಕಲ್ಲಿನ ಪುಡಿ. ಅವನ ಮಗಳು ಹೊಳೆಯಿಂದ ನೀರು ತಂದು, ಒಂದು ಅಕ್ಷರ ನಾನು ಕೆತ್ತಲೇ ಎಂದು ಕೇಳುತ್ತಿದ್ದಳು.

"ಕೈ ನೋಡು ಅವಂದು, ಎಲ್ಲೂ ನಡುಗಿಲ್ಲ" ಎಂದರು ಅಪ್ಪ ಮೆಲ್ಲಗೆ. ಕೊನೆಯ ಅಕ್ಷರದ ಮೂಲೆಯಲ್ಲಿ ಒಂದು ಬಿಳಿ ಚುಕ್ಕೆ ಮಾತ್ರ ಹೋಗಲಿಲ್ಲ. ಅರ್ಚಕರು ಕಡ್ಡಿ ಕೊಡಲು ಬಂದರು. ಅಪ್ಪ ಬೇಡವೆಂದರು. "ಇನ್ನೂ ಕೆರೆದ್ರೆ ಕಲ್ಲಿಗೆ ಪೆಟ್ಟಾಗ್ತೈತೆ. ಸಾಕ್ರಿ."

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಚೀಲದಿಂದ ಕುಂಚ ತೆಗೆದು ನನ್ನ ಮಡಿಲಲ್ಲಿಟ್ಟರು. "ನಾಳೆ ರಾಣಿ ಹೆಸರು ನೀನೇ ತುಂಬು" ಎಂದರು. ಅಷ್ಟು ಸಂತೋಷ ನನಗೆ ಮತ್ತೆ ಆಗಿದ್ದು ಕಡಿಮೆ.

ಈಗ ನಮ್ಮ ವಿದ್ಯಾನಗರದ ಮನೆಯಲ್ಲಿ ರಾಜರಾಣಿಯರು ನಿಮ್ಮ ಅಂಗೈಯ ಫೋನಿನಲ್ಲೇ ಕುದುರೆ ಓಡಿಸುತ್ತಾರೆ. ಅವರಿಗೆ ಒಣಗುವ ಗೋಜಿಲ್ಲ. ಮೊನ್ನೆ ನಿಮ್ಮನ್ನು ಹರಿಹರಕ್ಕೆ ಕರೆದೊಯ್ದಾಗ ನಿಮ್ಮಲ್ಲೊಬ್ಬಳು ಆ ಕಲ್ಲಿನ ಫೋಟೊ ಹೊಡೆದು, ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದಳು.

"ಅಜ್ಜಿ, ಇಲ್ಲೊಂದು ಬಿಳಿ ಕಲೆ ಐತೆ. ಅಳಿಸಿಬಿಡ್ಲಾ? ಒಂದೇ ಸಲ ಒತ್ತಿದ್ರೆ ಹೋಗ್ತೈತೆ."

"ಬ್ಯಾಡವ್ವ" ಎಂದೆ. "ಅದು ನಮ್ಮಪ್ಪ ಬಿಟ್ಟಿದ್ದು."