ಹರಳೆಣ್ಣೆ ಹಚ್ಚಿದ ಗಂಟು

ನಂಗಲಿಯಲ್ಲಿ ಲಾರಿ ನಿಲ್ಲಿಸುವ ಡ್ರೈವರುಗಳಿಗೆಲ್ಲ ಆದಿಲಕ್ಷ್ಮಿಯ ಹೋಟೆಲು ಗೊತ್ತು. ತೊಂಬತ್ತೆರಡು ಕೆ.ಜಿ.ಯ ಹೆಂಗಸು, ಗಿರಾಕಿಗೆ ಎರಡು ಬೋಂಡಾ ಕೊಟ್ಟರೆ ತನ್ನ ಬಾಯಿಗೂ ಒಂದು ಹಾಕಿಕೊಳ್ಳುವಳು. ಗಂಡ ಸತ್ತ ಮೇಲೆ ಒಲೆಯೇ ಅವಳ ಸಂಸಾರ. 2006ರಲ್ಲಿ ಎಡ ಎದೆಯಲ್ಲಿ ಹುಣಸೆಬೀಜದಷ್ಟು ಗಂಟು ಕೈಗೆ ಸಿಕ್ಕಿದಾಗ ಹೇಳಿಕೊಳ್ಳಲು ಇದ್ದವಳು ಓರಗಿತ್ತಿ ವೆಂಕಟರತ್ನಮ್ಮ ಒಬ್ಬಳೇ.

ರತ್ನಮ್ಮ ಒತ್ತಿ ನೋಡಿ ನಕ್ಕಳು. "ಏಮೀ ಲೇದು, ಏನೂ ಇಲ್ಲ ಕಣೇ. ನಿನ್ನ ಮೈಗೆ ಕೊಬ್ಬಿನ ಗಂಟು ಅಲ್ದೆ ಇನ್ನೇನ್ ಬರ್ತದೆ? ಹರಳೆಣ್ಣೆ ಹಚ್ಕೋ."

ಎಂಟು ತಿಂಗಳು ಹಚ್ಚಿದಳು. ಆ ನಡುವೆ ರತ್ನಮ್ಮನ ಮಗಳ ಮದುವೆಗೆ ಮುನ್ನೂರು ಜನಕ್ಕೆ ಅಡುಗೆಯನ್ನೂ ಮಾಡಿ ಬಡಿಸಿದಳು. ಗಂಟು ನಿಂಬೆಹಣ್ಣಿನಷ್ಟಾಯಿತು. ಕೋಲಾರದ ಆಸ್ಪತ್ರೆಯಲ್ಲಿ ಕ್ಯಾನ್ಸರೆಂದು ಎದೆಯನ್ನೇ ತೆಗೆದರು.

ಊರಿಗೆ ಬಂದವಳನ್ನು ನೋಡಲು ನರ್ಸ್ ಬೈರಮ್ಮ ಬಂದಳು. "ರತ್ನಮ್ಮ ಆಗ್ಲೇ ಬಂದು ನಿನ್ನ ಗಂಟಿನ ವಿಷ್ಯ ಹೇಳಿದ್ಲು. ನಾಳೇನೇ ಕೋಲಾರಕ್ಕೆ ಕರ್ಕೊಂಡ್ ಹೋಗು ಅಂತ ಅವ್ಳಿಗೆ ಅಂದಿದ್ನಲ್ಲಮ್ಮ. ಮದ್ವೆಗೆ ಮುಂಚೇನೇ."

ಆದಿಲಕ್ಷ್ಮಿಗೆ ಆಗ ಎಲ್ಲ ಅರ್ಥವಾಯಿತು. ತಾನು ಆಸ್ಪತ್ರೆ ಸೇರಿದರೆ ಮದುವೆಯ ಅಡುಗೆಗೆ ಯಾರು? ಅದಕ್ಕೇ ಆ ಮಹಾತಾಯಿ ಬೈರಮ್ಮನ ಮಾತನ್ನು ನುಂಗಿಕೊಂಡಿದ್ದಳು.

ಮುಂದಿನ ಸಲ ಕೋಲಾರಕ್ಕೆ ಹೋದಾಗ ಡಾಕ್ಟರ್ ಚಿತ್ರಾ ತೂಕ ಇಳಿಸಲು ಹೇಳಿದರು. "ಕೊಬ್ಬು ಸುಮ್ನೆ ಕೂತಿರಲ್ಲಮ್ಮ. ಕ್ಯಾನ್ಸರು ಪಕ್ಕದ ಕೊಬ್ಬಿಗೆ ಸುದ್ದಿ ಕಳಿಸುತ್ತೆ. ಕೊಬ್ಬು ತಾನು ಕೂಡಿಟ್ಟಿದ್ದನ್ನ ಅದಕ್ಕೆ ಉಣ್ಣಿಸುತ್ತೆ, ಬೆಳೆ, ಹರಡು ಅಂತ ತಾನೂ ಸುದ್ದಿ ಕಳಿಸುತ್ತೆ. ಈಗೀಗ ಇದೆಲ್ಲ ಗೊತ್ತಾಗ್ತಾ ಇದೆ."

ಉಂಡ ಮನೆಗೆ ಎರಡು ಬಗೆಯುವ ಜಾತಿ ಮೈಯೊಳಗೂ ಇದೆಯೆಂದು ತಿಳಿದು ಆದಿಲಕ್ಷ್ಮಿಗೆ ರೋಷ ಉಕ್ಕಿತು. ತಾನು ಬೋಂಡಾ ಹಾಕಿ ಸಾಕಿದ್ದೇ ತನ್ನ ಶತ್ರುವಿಗೆ ಬಡಿಸುತ್ತಿತ್ತಲ್ಲ. ಅಂದಿನಿಂದ ಎಣ್ಣೆ ಬಾಣಲಿಯಿಂದ ಒಂದು ಚೂರನ್ನೂ ಬಾಯಿಗಿಡಲಿಲ್ಲ. ದಿನಾ ಬೆಳಿಗ್ಗೆ ಹೆದ್ದಾರಿಯ ಅಂಚಿನಲ್ಲಿ ಹಲ್ಲು ಕಚ್ಚಿಕೊಂಡು ನಡೆದಳು. ಪ್ರತಿ ಹೆಜ್ಜೆಗೂ ರತ್ನಮ್ಮನನ್ನು ಶಪಿಸಿದಳು. ಮೂರು ವರ್ಷದಲ್ಲಿ ಇಪ್ಪತ್ತು ಕೆ.ಜಿ. ಇಳಿಯಿತು, ಸಿಟ್ಟು ಒಂದು ಗುಂಜಿಯೂ ಇಳಿಯಲಿಲ್ಲ. ಗೊತ್ತಿದೆ ಎಂದು ಮಾತ್ರ ಬಾಯಿ ಬಿಡಲಿಲ್ಲ. ಕಾಲ ಬರಲಿ ಎಂದು ಕಾದಳು.

ಕಾಲ ಬಂತು. 2010ರ ಒಂದು ಮಧ್ಯಾಹ್ನ ರತ್ನಮ್ಮ ಹೋಟೆಲಿನ ಹಿಂಬಾಗಿಲಿಗೆ ಬಂದು ಸೆರಗು ಸರಿಸಿದಳು. "ಲಕ್ಷ್ಮೀ, ನಿನ್ನ ಕೈಗೆ ಗೊತ್ತಾಗ್ತದೆ. ಇದೇನು ನೋಡೇ."

ಆದಿಲಕ್ಷ್ಮಿ ಒತ್ತಿದಳು. ಗಟ್ಟಿ, ಅಲುಗಾಡದು. ಅವಳ ಬೆರಳಿಗೆ ಅದರ ಗುರುತಿತ್ತು. ಮೂರು ವರ್ಷದಿಂದ ನಾಲಗೆಯ ತುದಿಯಲ್ಲಿಟ್ಟುಕೊಂಡಿದ್ದ ಮಾತು ಹೊರಬಂತು.

"ಏಮೀ ಲೇದು ಅಕ್ಕಾ. ಕೊಬ್ಬಿನ ಗಂಟು. ಹರಳೆಣ್ಣೆ ಹಚ್ಕೋ."

ರತ್ನಮ್ಮ ಸೆರಗು ಎಳೆದುಕೊಂಡಳು. ತಾನೇ ಆಡಿದ್ದ ಮಾತಿನ ಗುರುತು ತನಗೆ ಸಿಗದೇ ಇರುತ್ತದೆಯೇ? "ಬೈರಮ್ಮ ಹೇಳಿದ್ಲಾ?" ಎಂದಳು.

"ಹೇಳಿ ಮೂರು ವರ್ಷ ಆಯ್ತು."

ರತ್ನಮ್ಮ ಗೋಡೆ ಹಿಡಿದು ಕುಸಿದಳು. ಆದಿಲಕ್ಷ್ಮಿ ಕಣ್ತುಂಬ ನೋಡಿದಳು. ಹಾಯೆನಿಸಿತು, ಅದರಲ್ಲಿ ಮುಚ್ಚುಮರೆ ಏಕೆ. ಆಮೇಲೆ ಒಲೆ ಆರಿಸಿ, ಓರಗಿತ್ತಿಯ ಮಣಿಕಟ್ಟು ಹಿಡಿದು ಎಬ್ಬಿಸಿ, ಎಳೆದುಕೊಂಡೇ ಹೋಗಿ ಕೋಲಾರದ ಬಸ್ಸು ಹತ್ತಿಸಿದಳು.

"ನನ್ನ ಯಾಕೆ ಉಳಿಸ್ತೀಯೇ?" ಎಂದು ರತ್ನಮ್ಮ ಅತ್ತಳು.

"ಸತ್ರೆ ನಿಂಗೆ ಸಲೀಸು. ಬದುಕ್ಬೇಕು ನೀನು. ಬದುಕಿ, ದಿನಾ ನನ್ನ ಮುಖ ನೋಡ್ಬೇಕು."

ಮುಳಬಾಗಿಲು ದಾಟಿದರೂ ಆದಿಲಕ್ಷ್ಮಿ ಹಿಡಿದ ಮಣಿಕಟ್ಟು ಬಿಡಲಿಲ್ಲ.