ಹಿನ್ನೀರಿನ ಹೂಳು ಮತ್ತು ಒಂದು ಸಂದರ್ಶನ

ಪಿಎಚ್‌ಡಿ ಮುಗಿದ ಮೇಲೆ ಬಸವನ ಬಾಗೇವಾಡಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಗಣಿತ ಕಲಿಸುತ್ತಿದ್ದೆ. ಮನೆ ಕೊಲ್ಹಾರದಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುವುದು. "ಡಾಕ್ಟರ್ ಆಗೀಯಂತಲ್ಲ, ನನಗೂ ಒಂದ ಸೂಜಿ ಮಾಡವಾ" ಎಂದು ಓಣಿಯ ಅಜ್ಜಿಯರು ಚೇಷ್ಟೆ ಮಾಡಿದರೆ ನಾನೂ ನಗುತ್ತಿದ್ದೆ.

ನನ್ನ ಸಂಶೋಧನೆ ಅನ್ವಯಿಕ ಗಣಿತದಲ್ಲಿ. ಹರಿಯುವ ನದಿ ಅಣೆಕಟ್ಟಿಗೆ ಬಂದು ನಿಂತಾಗ, ಅದು ಹೊತ್ತು ತಂದ ಮಣ್ಣು ಎಲ್ಲಿ, ಎಷ್ಟು ಬೇಗ ತಳ ಸೇರುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಹಿಡಿಯುವುದು. ಈ ವಿಷಯಕ್ಕಾಗಿ ನಾನು ಎಲ್ಲೂ ಹುಡುಕಬೇಕಾಗಿರಲಿಲ್ಲ. ನಮ್ಮ ಹಳೆಯ ಊರು ಕೃಷ್ಣೆಯ ಹಿನ್ನೀರಿನ ಕೆಳಗಿದೆ.

ಒಂದು ದಿನ ಭೌತಶಾಸ್ತ್ರ ಕಲಿಸುವ ಗೆಳತಿ ಮೊಬೈಲ್ ಹಿಡಿದುಕೊಂಡೇ ಸ್ಟಾಫ್ ರೂಮಿಗೆ ಓಡಿ ಬಂದಳು. ದಕ್ಷಿಣದ ಒಂದು ಸಂಶೋಧನಾ ಸಂಸ್ಥೆಗೆ ಹೊಸದಾಗಿ ಪಿಎಚ್‌ಡಿ ಪಡೆದ ಅನ್ವಯಿಕ ಗಣಿತಜ್ಞರು ಬೇಕಾಗಿದ್ದರು. ಕೆಲಸ, ಕೃಷ್ಣೆಯ ಹಿನ್ನೀರಿನ ಹೂಳಿನ ಅಧ್ಯಯನ.

"ನಿನ್ನ ಹೆಸರೊಂದ ಬರದಿಲ್ಲ ನೋಡ. ಉಳದದ್ದೆಲ್ಲಾ ನಿನ್ನ ಸಲುವಾಗೇ ಬರದಂಗೈತಿ" ಎಂದಳು.

ನಾನೂ ಹಾಗೇ ನಂಬಿದೆ. ಅರ್ಜಿ ಹಾಕಿದೆ, ಕರೆ ಬಂತು, ಹೋದೆ.

ಸಂದರ್ಶನ ಇಂಗ್ಲಿಷಿನಲ್ಲಿತ್ತು. ಬೋರ್ಡಿನ ಮೇಲೆ ಬಿಡಿಸಿ ತೋರಿಸಿ ಎಂದರು, ತೋರಿಸಿದೆ. ಯೋಜನೆಯ ಮುಖ್ಯಸ್ಥರು ಎರಡು ಕಡೆ ತಡೆದು ಕೇಳಿದರು. ಎರಡಕ್ಕೂ ಉತ್ತರ ಕೊಟ್ಟೆ. ಅವರು ತಲೆಯಾಡಿಸಿದಾಗ ಕೆಲಸ ಸಿಕ್ಕೇಬಿಟ್ಟಿತು ಅನ್ನಿಸಿತು. ಆಮೇಲೆ ಅವರ ಪಕ್ಕದಲ್ಲಿ ಕುಳಿತವರು ಮದುವೆ ಗೊತ್ತಾಗಿದೆಯೇ ಎಂದು ಕೇಳಿದರು. ಇಲ್ಲ ಎಂದೆ. ಗೊತ್ತಾದರೆ ಕೆಲಸ ಬಿಡುವುದಿಲ್ಲ ಎಂಬುದಕ್ಕೆ ಏನು ಖಾತ್ರಿ ಎಂದರು. ಇನ್ನೊಬ್ಬರು ನನ್ನ ಇಂಗ್ಲಿಷಿನ ಎಳೆತ ಕೇಳಿ, "ವಿಜಯಪುರ ಕಡೆಯವರಾ?" ಎಂದು ಮುಗುಳ್ನಕ್ಕರು. ನನಗಿಂತ ಮೊದಲು ಒಳಗೆ ಹೋಗಿ ಬಂದಿದ್ದ ಹುಡುಗರನ್ನು ಹೊರಗೆ ವಿಚಾರಿಸಿದೆ. ಅವರಲ್ಲಿ ಒಬ್ಬನಿಗೂ ಮದುವೆಯ ಪ್ರಶ್ನೆ ಕೇಳಿರಲಿಲ್ಲ.

ಸಂದರ್ಶನ ಮುಗಿದು ನಾನು ಏಳುವ ಮುಂಚೆ ಮುಖ್ಯಸ್ಥರು, "ಹೂಳಿನ ಲೆಕ್ಕ ಮಾಡೋ ನಿಮ್ಮ ಕಂಪ್ಯೂಟರ್ ಪ್ರೋಗ್ರಾಂ ಕಳಿಸಿಕೊಡಿ, ಸಮಿತಿ ನೋಡಬೇಕು" ಎಂದಿದ್ದರು. ಅವತ್ತೇ ಕಳಿಸಿದೆ. ಆಮೇಲೆ ಸುದ್ದಿಯೇ ಇಲ್ಲ. ಆಯ್ಕೆಯಾದವರ ಹೆಸರು ಸಂಸ್ಥೆಯ ವೆಬ್‌ಸೈಟಿನಲ್ಲಿ ಬಂದಾಗ ಅದು ನನ್ನದಾಗಿರಲಿಲ್ಲ.

ಮಳೆಗಾಲ ಕಳೆದ ಮೇಲೆ, ಬಾಗೇವಾಡಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಆಯ್ಕೆಯಾದ ಹುಡುಗ.

"ಮೇಡಂ, ಸರ್ ನಿಮ್ಮ ನಂಬರ್ ಕೊಟ್ರು. ನಿಮ್ಮ ಪ್ರೋಗ್ರಾಂ ನಮ್ಮಲ್ಲಿ ಓಡ್ತಾ ಇಲ್ಲ. ಹೂಳಿನ ಸ್ಯಾಂಪಲ್ ತೆಗೆಯೋಕೆ ದೋಣಿನೂ ಬೇಕಿತ್ತು. ನೀವು ಲೋಕಲ್ ಅಲ್ವಾ?"

"ನೌಕರಿ ನಿಮಗ, ದುಡಿಯಾಕ ನಾನೇನು? ನಾಚಿಗಿ ಬರೂದಿಲ್ಲೇನ್ರಿ ಕೇಳಾಕ?" ಎಂದು ಕೂಗಿದೆ. ಬಾಜೂ ಕುಳಿತಿದ್ದ ಹೆಣ್ಣುಮಗಳೊಬ್ಬಳು ತನ್ನ ಚೀಲ ಎತ್ತಿಕೊಂಡು ಅತ್ತ ಸರಿದಳು. ಉತ್ತರಕ್ಕೆ ಕಾಯದೆ ಫೋನ್ ಇಟ್ಟುಬಿಟ್ಟೆ.

ಆದರೂ ಅವನು ಬಂದ. ಭಾನುವಾರ ಮಧ್ಯಾಹ್ನ ಬೆನ್ನಿಗೊಂದು ಚೀಲ, ಕೈಯಲ್ಲಿ ಖಾಲಿ ಬಾಟಲಿಗಳ ಡಬ್ಬಿ ಹಿಡಿದು ನಮ್ಮ ಮನೆ ಹುಡುಕಿಕೊಂಡು ಬಾಗಿಲಲ್ಲಿ ನಿಂತಿದ್ದ. ನಾನು ಬಾಯಿ ತೆಗೆಯುವಷ್ಟರಲ್ಲಿ ಅವ್ವ ಅಡ್ಡ ಬಂದಳು. "ಮನಿಗೆ ಬಂದಾವಗ ಮೊದಲ ಉಣ್ಣಾಕ ಕೊಡೂಣು. ಆಮ್ಯಾಲ ಬೈಯುವಂತಿ."

ಖಡಕ್ ರೊಟ್ಟಿ ಮುರಿಯಲು ಬಾರದೆ ಒದ್ದಾಡುತ್ತಲೇ ಅವನು ಹೇಳಿದ: "ನೀವೂ ಇದೇ ಇಂಟರ್‌ವ್ಯೂಗೆ ಬಂದಿದ್ರಿ ಅಂತ ನಂಗೆ ಗೊತ್ತಿರ್ಲಿಲ್ಲ ಮೇಡಂ. ನೀವು ಸಹಾಯ ಮಾಡೋಕೆ ಒಪ್ಪಿದೀರಿ ಅಂತಲೇ ಸರ್ ಹೇಳಿದ್ರು."

ಸುಳ್ಳಾಡುವ ಮುಖವಾಗಿರಲಿಲ್ಲ. ನನಗೆ ಇನ್ನಷ್ಟು ಉರಿಯಿತು. ನನ್ನನ್ನು ಕೇಳದೆಯೇ ನನ್ನ ಒಪ್ಪಿಗೆಯನ್ನೂ ಅವರೇ ಕೊಟ್ಟುಬಿಟ್ಟಿದ್ದರು!

"ನಿಮ್ಮ ಸರಗ ಫೋನ್ ಹಚ್ಚ. ಸ್ಪೀಕರ್ ಮ್ಯಾಲ ಹಾಕ" ಎಂದೆ. ಅವನು ಅಂಜುತ್ತಲೇ ಹಚ್ಚಿದ.

"ಸರ್, ಆ ಪ್ರೋಗ್ರಾಂ ನಂದ್ರಿ. ಬೇಕಂದ್ರ ನನ್ನ ನೌಕರಿಗೆ ತಗೋರಿ. ಇಲ್ಲಂದ್ರ ಅಳಿಸಿಬಿಡ್ರಿ."

ಅವರು ಸಿಟ್ಟಾಗಲಿಲ್ಲ; ಬುದ್ಧಿ ಹೇಳುವ ದನಿಯಲ್ಲಿ ಮಾತಾಡಿದರು. "ನೋಡಮ್ಮ, ಇದು ನಿಮ್ಮ ಜನಕ್ಕೇ ಉಪಯೋಗ ಆಗೋ ಕೆಲಸ. ಊರಿಗೆ ಒಂದು ಸೇವೆ ಅಂದ್ಕೊಳ್ಳಿ."

"ಮನಿ, ಹೊಲ, ಗುಡಿ ಎಲ್ಲಾ ನೀರಾಗ ಬಿಟ್ಟು ಬಂದು ನಮ್ಮ ಜನ ಸೇವಾ ಮಾಡ್ಯಾರ್ರೀ. ನನ್ನ ಕೈಲೆ ಇನ್ನ ಆಗೂದಿಲ್ಲ."

ಅತ್ತಲಿಂದ ಫೋನ್ ಕಟ್ಟಾಯಿತು. ಒಳಗೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು.

ಹುಡುಗ ನನ್ನೆದುರೇ ತನ್ನ ಲ್ಯಾಪ್‌ಟಾಪ್ ತೆರೆದು ಆ ಪ್ರೋಗ್ರಾಂ ಅಳಿಸಿದ. ಅಲ್ಲಿಯ ಬೇರೆ ಕಂಪ್ಯೂಟರುಗಳಲ್ಲಿ ಉಳಿದಿತ್ತೋ ಏನೋ, ನನಗೆ ತಿಳಿಯದು. ಅವನಿಗೂ ಹೊಸ ವರ್ಷದಾಚೆ ಕೆಲಸದ ಭರವಸೆ ಇರಲಿಲ್ಲವಂತೆ. ಹಿನ್ನೀರಿನ ಮೇಲಿನ ಸೇತುವೆಯ ತನಕ ಹೋಗಿ, ಮೀನು ಹಿಡಿಯುವ ಪರಿಚಯದವರೊಬ್ಬರ ದೋಣಿ ಮಾತಾಡಿ ಕೊಟ್ಟೆ. ಅವನ ಮೇಲೆ ಹಗೆ ಸಾಧಿಸಿ ನನಗೇನು ಆಗಬೇಕಿತ್ತು?

ಆ ಚಳಿಗಾಲವೆಲ್ಲ ಕುಳಿತು ನನ್ನ ಕೆಲಸವನ್ನು ನನ್ನೊಬ್ಬಳ ಹೆಸರಿನಲ್ಲೇ ಬರೆದು ಒಂದು ಸಂಶೋಧನಾ ಪತ್ರಿಕೆಗೆ ಕಳಿಸಿದೆ. ಎರಡು ಸಲ ತಿದ್ದಿಸಿ ಅಚ್ಚು ಹಾಕಿದರು. ಅಷ್ಟರಲ್ಲಿ ಹುಡುಗ ಕೆಲಸ ಬಿಟ್ಟಿದ್ದ. ಅದೇ ಹುದ್ದೆಗೆ ಮತ್ತೆ ಅರ್ಜಿ ಕರೆದರು. ಈ ಸಲ ವಯಸ್ಸಿನ ಮಿತಿ ಇಳಿಸಿದ್ದರು. ಅದನ್ನು ನಾನು ಆಗಲೇ ದಾಟಿದ್ದೆ. ಯಾಕೆ ಇಳಿಸಿದಿರಿ ಎಂದು ಮೇಲ್ ಬರೆದೆ. ಉತ್ತರವಿಲ್ಲ. ಮತ್ತೆ ಬರೆದೆ.

ಈಗ ಮುದ್ದೇಬಿಹಾಳದಲ್ಲಿ ಪಾಠ ಮಾಡುತ್ತೇನೆ, ಇಲ್ಲಿಯೂ ಅತಿಥಿಯೇ. ಕಳೆದ ವಾರ ಎಂ.ಎಸ್ಸಿ. ಓದುವ ಹುಡುಗಿಯೊಬ್ಬಳು, "ಮೇಡಂ, ಸಂದರ್ಶನಕ್ಕ ಹೊಂಟೇನ್ರಿ, ಲಗ್ನದ್ದು ಕೇಳಿದ್ರ ಏನ್ ಹೇಳ್ಲಿ?" ಎಂದಳು.

"ಗಂಡ ಹುಡುಗ್ರಿಗೂ ಇದನ್ನ ಕೇಳೀರೇನ್ರಿ ಅಂತ ಕೇಳವಾ" ಎಂದೆ. ಅವಳು ನಕ್ಕಳು. ನಾನು ನಗಲಿಲ್ಲ.